ವಿಷಭೋಜಿಗಳ ವರ್ಗೀಕರಣ: ಇಟ್ಟಮಡು ಶಾಖೆ

ಶಾಸ್ತ್ರ ಬರೆಯಲು ಕೂತವರು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಿ ಮುಗಿಸಬೇಕೆಂದು ಹಿರಿಯರ ಕಟ್ಟಪ್ಪಣೆ. ಮುಗಿಸುತ್ತೇನೆ. ವಿಷಯ: ಕಾರ್ಖಾನೆ, ಡೈಯಿಂಗ್ ಘಟಕ, ಪ್ಲೇಟಿಂಗ್ ಶೆಡ್ಡು ಮತ್ತು ನಮ್ಮನಿಮ್ಮ ಬಚ್ಚಲಿನಿಂದ ಹೊರಡುವ ವಿಷದ ನೀರು, ಹಾಗೂ ಅದನ್ನು ತಿಂದು ಬದುಕುವ, ಕಣ್ಣಿಗೆ ಕಾಣದ ಜೀವಿಗಳು. ಪ್ರಯೋಜನ: ಅಪಾರ್ಟ್‌ಮೆಂಟ್ ಸಂಘದ ಸಭೆಯಲ್ಲಿ ಎದುರಾಳಿಯ ಬಾಯಿ ಮುಚ್ಚಿಸುವುದು. ಸಂಬಂಧ: ಬೆಂಗಳೂರಿನ ಇಟ್ಟಮಡುವಿನ ಚರಂಡಿ ಇಳಿಜಾರು ಹಿಡಿದು ಹೊಸಕೆರೆಹಳ್ಳಿ ಕಡೆ ಹೋಗುತ್ತದೆ, ಅಲ್ಲಿಂದ ರಾಜಕಾಲುವೆ ಮೈಸೂರು ರಸ್ತೆಯ ಕಡೆ ಇಳಿದು ವೃಷಭಾವತಿಗೆ ಸೇರುತ್ತದೆ, ವೃಷಭಾವತಿ ಬೈರಮಂಗಲದ ಕೆರೆ ತುಂಬಿಸಿ ಅರ್ಕಾವತಿಗೆ, ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ. ಹೀಗಾಗಿ ಸಂಗಮದಿಂದ ಕೆಳಗೆ ಕಾವೇರಿ ಕುಡಿಯುವವರೆಲ್ಲ ನಮಗೆ ಸಂಬಂಧಿಕರು. ನಮ್ಮ ನಲ್ಲಿಯ ಕಾವೇರಿಯನ್ನು ಮಾತ್ರ ಸಂಗಮಕ್ಕಿಂತ ಮೇಲೆಯೇ ಎತ್ತಿ, ತೊರೆಕಾಡನಹಳ್ಳಿಯಲ್ಲಿ ಶುದ್ಧ ಮಾಡಿ ಕಳಿಸುತ್ತಾರೆ. ಆದ್ದರಿಂದ ಸಂಬಂಧ ಏಕಮುಖ. ಇನ್ನು ಅಧಿಕಾರಿ, ಅಂದರೆ ಈ ಗ್ರಂಥವನ್ನು ಓದಲು ಅರ್ಹನಾದವನು: ಬೇಸ್‌ಮೆಂಟಿನಲ್ಲಿ ಎಸ್‌ಟಿಪಿ, ಅಂದರೆ ಕೊಳಚೆ ಶುದ್ಧ ಮಾಡುವ ಘಟಕ, ಇರುವ ಕಟ್ಟಡದಲ್ಲಿ ಮನೆ ಕೊಂಡು, ವಾಸನೆ ಬಂದಾಗ ಕಿಟಕಿ ಮುಚ್ಚಿ, ತಿಂಗಳು ತಿಂಗಳು ಮೇಂಟೆನೆನ್ಸ್ ಕಟ್ಟುವವನು.

ಗುರುಪರಂಪರೆಯನ್ನು ಸ್ಮರಿಸದೆ ಮುಂದೆ ಹೋಗುವುದು ಅಪಚಾರ. ಮೂಲಪೀಠ ಇಂಗ್ಲೆಂಡಿನ ಮ್ಯಾಂಚೆಸ್ಟರ್. ಅಲ್ಲಿ ಗಿಲ್ಬರ್ಟ್ ಫೌಲರ್ ಎಂಬ ರಸಾಯನಶಾಸ್ತ್ರಜ್ಞರ ಪ್ರೇರಣೆಯಿಂದ ಆರ್ಡರ್ನ್ ಮತ್ತು ಲಾಕೆಟ್ ಎಂಬಿಬ್ಬರು ಬಾಟಲಿಗಳಲ್ಲಿ ಕೊಳಚೆ ತುಂಬಿ ಗಾಳಿ ಊದಿದರು. ಮೊದಲ ಸಲ ನೀರು ಪೂರ್ತಿ ಶುದ್ಧವಾಗಲು ವಾರಗಟ್ಟಲೆ ಹಿಡಿಯಿತು. ಮೇಲಿನ ತಿಳಿ ಬಸಿದು, ತಳದಲ್ಲಿ ಉಳಿದ ಕಂದು ಗಸಿಯನ್ನು ಚೆಲ್ಲದೆ, ಅದರ ಮೇಲೆಯೇ ಹೊಸ ಕೊಳಚೆ ಹೊಯ್ದರು. ಸಲದಿಂದ ಸಲಕ್ಕೆ ಹೊತ್ತು ಇಳಿಯುತ್ತಾ ಬಂದು ಕಡೆಗೆ ಒಂದು ದಿನದೊಳಗೆ ಕೆಲಸ ಮುಗಿಯತೊಡಗಿತು. 1914ರಲ್ಲಿ ಇದನ್ನು ಪ್ರಕಟಿಸಿದರು. ಆ ಗಸಿಗೆ ಆಕ್ಟಿವೇಟೆಡ್ ಸ್ಲಡ್ಜ್ ಎಂಬ ಹೆಸರು ಅಂದು ಬಂದದ್ದು. ಎರಡೇ ವರ್ಷಕ್ಕೆ, 1916ರಲ್ಲಿ, ಫೌಲರ್ ಮ್ಯಾಂಚೆಸ್ಟರ್ ಬಿಟ್ಟು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಐಐಎಸ್‌ಸಿಗೆ, ಪ್ರಾಧ್ಯಾಪಕರಾಗಿ ಬಂದರು. 1921ರಲ್ಲಿ ಅಲ್ಲಿ ಜೀವರಸಾಯನ ವಿಭಾಗ ಶುರುವಾದಾಗ ಅದರ ಮುಖ್ಯಸ್ಥರಾದರು. ನಮ್ಮ ಬೇಸ್‌ಮೆಂಟಿಗೆ ಈ ವಿದ್ಯೆ ಪರದೇಶದಿಂದ ನೇರವಾಗಿ ಬಂದದ್ದಲ್ಲ, ಮಲ್ಲೇಶ್ವರದ ಪಕ್ಕದಿಂದ ಬಂದದ್ದು ಎಂದು ಹೇಳಿಕೊಳ್ಳಲು ಇಷ್ಟು ಆಧಾರ ಸಾಕು.

ಅದೇ ವಿಭಾಗದ ಎಸ್. ಸಿ. ಪಿಳ್ಳೈ ಮತ್ತು ವಿ. ಸುಬ್ರಹ್ಮಣ್ಯನ್ 1942ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದು, ಕೊಳಚೆಗೆ ಗಾಳಿ ಊದುವ ಟ್ಯಾಂಕಿನ ಕೆಲಸವನ್ನೆಲ್ಲ ಬ್ಯಾಕ್ಟೀರಿಯಾದ ಲೆಕ್ಕಕ್ಕೇ ಬರೆಯಬೇಡಿ, ಪ್ರೊಟೊಜೋವಾಗಳ ಪಾಲೂ ದೊಡ್ಡದಿದೆ ಎಂದು ವಾದಿಸಿದರು. ಈ ಸುಬ್ರಹ್ಮಣ್ಯನ್ನರೇ 1950ರಲ್ಲಿ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಗೆ ಮೊದಲ ನಿರ್ದೇಶಕರಾದರು. ಕೊಳಚೆಯನ್ನು ಯಾರು ತಿನ್ನುತ್ತಾರೆ ಎಂದು ವಿಚಾರಿಸಿದವರನ್ನು ದೇಶ ಏನು ತಿನ್ನಬೇಕು ಎಂದು ವಿಚಾರಿಸಲು ನೇಮಿಸಿದರು. ಇದರಲ್ಲಿ ನನಗೆ ಯಾವ ವಿರೋಧವೂ ಕಾಣುವುದಿಲ್ಲ. ಭೋಜನಶಾಸ್ತ್ರ ಒಂದೇ, ಪಂಕ್ತಿ ಬೇರೆ.

ಇನ್ನು ಪ್ರತ್ಯಕ್ಷ ಪ್ರಮಾಣ. ನಮ್ಮ ಎಸ್‌ಟಿಪಿಯ ಆಪರೇಟರ್ ಬೆಳಿಗ್ಗೆ ಏರೇಷನ್ ಟ್ಯಾಂಕಿನಿಂದ ಒಂದು ಲೀಟರಿನ ಗಾಜಿನ ಜಾಡಿ ತುಂಬಿಸಿ, ಟ್ಯೂಬ್‌ಲೈಟಿನ ಕೆಳಗಿಟ್ಟು, ಮೊಬೈಲಿನಲ್ಲಿ ಅರ್ಧ ಗಂಟೆಗೆ ಅಲಾರಂ ಇಡುತ್ತಾರೆ. ಮೊದಲ ನಿಮಿಷ ಜಾಡಿಯೆಲ್ಲ ಒಂದೇ ಕಂದು. ಆಮೇಲೆ ಆ ಕಂದು ಒಡೆದು ಚೂರುಚೂರಾಗಿ ಒಂದಕ್ಕೊಂದು ಅಂಟಿಕೊಂಡು ಕೆಳಗಿಳಿಯುತ್ತದೆ. ಮೇಲೆ ಒಂದು ಬೆರಳಿನಷ್ಟು ತಿಳಿ, ಆಮೇಲೆ ನಾಲ್ಕು ಬೆರಳು. ಅಲಾರಂ ಹೊಡೆದಾಗ ಗಸಿ 300ರ ಗೆರೆಯ ಆಸುಪಾಸು ನಿಂತಿದ್ದರೆ “ಚೆನ್ನಾಗಿದೆ ಸಾರ್” ಎನ್ನುತ್ತಾರೆ. 800ರಲ್ಲೇ ನಿಂತಿದ್ದರೆ “ಬಲ್ಕಿಂಗ್ ಆಗ್ತಿದೆ”. 50ಕ್ಕೆ ಇಳಿದು, ಮೇಲಿನ ನೀರು ಬಗ್ಗಡವಾಗಿಯೇ ಉಳಿದಿದ್ದರೆ ಅವರು ಏನೂ ಹೇಳುವುದಿಲ್ಲ. ಜಾಡಿಯನ್ನು ಮೂಗಿನ ಹತ್ತಿರ ತರುತ್ತಾರೆ. ಹಸಿ ಮಣ್ಣಿನ ವಾಸನೆಯಿದ್ದರೆ ಇನ್ನೂ ಆಸೆ ಇದೆ. ಕೊಳೆತ ಮೊಟ್ಟೆಯ ವಾಸನೆಯಿದ್ದರೆ, “ಬಗ್ ಎಲ್ಲಾ ಹೋಗ್ಬಿಟ್ಟಿದೆ ಸಾರ್. ಯಾರೋ ಏನೋ ಸುರಿದಿದಾರೆ.” ಈ ಕೊನೆಯ ಮಾತಿನಲ್ಲಿ ನಮ್ಮ ಗ್ರಂಥದ ಎರಡು ಕಾಂಡಗಳಿವೆ: ಹೋದವರು ಯಾರು, ಸುರಿದದ್ದು ಏನು.

ಹೋದವರನ್ನು ಬೇಗ ಮುಗಿಸೋಣ. ಇವರಲ್ಲಿ ನಾಲ್ಕು ಜಾತಿ. ಪಂಕ್ತಿಭೋಜಿಗಳು ಅಂಟು ಸುರಿಸಿ ಗುಂಪಾಗಿ ಕೂತು ತಿನ್ನುವ ಬ್ಯಾಕ್ಟೀರಿಯಾ. ಜಾಡಿಯಲ್ಲಿ ಕೆಳಗಿಳಿಯುವ ಚೂರುಗಳು ಇವರೇ. ತಂತುಜೀವಿಗಳು ಉದ್ದುದ್ದ ಎಳೆಯಾಗಿ ಬೆಳೆಯುವವರು. ಮಿತವಾಗಿದ್ದರೆ ಗುಂಪಿಗೆ ಆಧಾರ, ಮಿತಿ ಮೀರಿದರೆ ಬಲ್ಕಿಂಗ್. ಸೂಕ್ಷ್ಮಪ್ರಕೃತಿಯವರು ಅಮೋನಿಯವನ್ನು ನೈಟ್ರೇಟ್ ಮಾಡುವ ನೈಟ್ರೊಸೋಮೋನಾಸ್, ನೈಟ್ರೊಬ್ಯಾಕ್ಟರ್ ಮನೆತನದವರು. ನಿಧಾನಕ್ಕೆ ಬೆಳೆಯುತ್ತಾರೆ, ವಿಷ ಬಂದಾಗ ಮೊದಲು ಸಾಯುತ್ತಾರೆ, ಮತ್ತೆ ಬರುವಾಗ ಎಲ್ಲರಿಗಿಂತ ಕೊನೆಗೆ ಬರುತ್ತಾರೆ. ಕೊನೆಯವರು ಶೇಷಭೋಜಿಗಳು, ಪಿಳ್ಳೈಯವರ ಪ್ರೊಟೊಜೋವಾಗಳು. ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದರೆ ವರ್ಟಿಸೆಲ್ಲ ಎಂಬುದು ಸಣ್ಣ ತೊಟ್ಟಿನ ಮೇಲೆ ಗಂಟೆಯಾಕಾರದ ಬಾಯಿ ತೆರೆದು, ಬಾಯಿಯ ಸುತ್ತ ರೋಮ ಆಡಿಸುತ್ತಾ, ಗುಂಪಿಗೆ ಸೇರದೆ ಅಲೆಯುವ ಬ್ಯಾಕ್ಟೀರಿಯಾಗಳನ್ನು ಒಳಗೆಳೆಯುತ್ತಿರುತ್ತದೆ. ಗಾಜನ್ನು ಸ್ವಲ್ಪ ತಟ್ಟಿದರೆ ತೊಟ್ಟು ಸುರುಳಿಯಾಗಿ ಕುಗ್ಗಿ, ಎರಡು ಕ್ಷಣ ಸುಮ್ಮನಿದ್ದು, ಮತ್ತೆ ನೆಟ್ಟಗಾಗುತ್ತದೆ. ವಿಷ ಬಂದ ಮಾರನೆಯ ದಿನ ತೊಟ್ಟುಗಳಿರುತ್ತವೆ, ಗಂಟೆಗಳಿರುವುದಿಲ್ಲ.

ಈಗ ಮುಖ್ಯ ಕಾಂಡ: ಸುರಿದದ್ದು ಏನು. ವಿಷವನ್ನು ರಸಾಯನಶಾಸ್ತ್ರಜ್ಞರು ಅಣುವಿನ ಆಕಾರದ ಮೇಲೆ ವಿಂಗಡಿಸುತ್ತಾರೆ, ಪೊಲೀಸರು ಕೊಂಡವನ ಉದ್ದೇಶದ ಮೇಲೆ. ಟ್ಯಾಂಕಿಗೆ ಇವೆರಡೂ ಬೇಡ. ಅದಕ್ಕೆ ಗೊತ್ತಿರುವುದು ಭಕ್ಷ್ಯಾಭಕ್ಷ್ಯ ವಿವೇಕ ಒಂದೇ. ಆ ಪ್ರಕಾರ ಪದಾರ್ಥಗಳು ಐದು ಬಗೆ.

ಮೊದಲನೆಯದು ಸುಖಭಕ್ಷ್ಯ: ಅನ್ನದ ಗಂಜಿ, ಹಾಲು, ಸಕ್ಕರೆ, ಮೂತ್ರ. ಇದರ ಬಗ್ಗೆ ಬರೆಯಲು ಏನೂ ಇಲ್ಲ, ಯಾರು ಬೇಕಾದರೂ ತಿನ್ನುತ್ತಾರೆ.

ಎರಡನೆಯದು ಅಭ್ಯಾಸಭಕ್ಷ್ಯ, ಶಾಸ್ತ್ರದ ಹೃದಯ. ಫಿನಾಲನ್ನು ತೆಗೆದುಕೊಳ್ಳಿ. 1867ರಲ್ಲಿ ಜೋಸೆಫ್ ಲಿಸ್ಟರ್ ಶಸ್ತ್ರಚಿಕಿತ್ಸೆಯ ಗಾಯದಲ್ಲಿ ಕ್ರಿಮಿ ಕೊಲ್ಲಲು ಬಳಸಿದ್ದೆಂದು ಜಗತ್ತಿಗೆ ಸಾರಿದ ಕಾರ್ಬಾಲಿಕ್ ಆಮ್ಲ ಇದೇ. ಕ್ರಿಮಿ ಕೊಲ್ಲುವ ಈ ದ್ರವ್ಯವನ್ನು ಸ್ಯೂಡೊಮೋನಾಸ್ ಪುಟಿಡ ಎಂಬ ಕ್ರಿಮಿ ಊಟ ಮಾಡುತ್ತದೆ. ಮೊದಲು ಫಿನಾಲಿನ ಬಳೆಗೆ ಆಮ್ಲಜನಕ ತೂರಿಸಿ ಕ್ಯಾಟಿಕಾಲ್ ಮಾಡುತ್ತದೆ, ಆಮೇಲೆ ಬಳೆಯನ್ನೇ ಕತ್ತರಿಸುತ್ತದೆ. ಬಳೆ ಬಿಚ್ಚಿಕೊಂಡ ಮೇಲೆ ಉಳಿದ ತುಂಡುಗಳು ಸಕ್ಕರೆಯ ತುಂಡುಗಳು ಹೋಗುವ ದಾರಿಯಲ್ಲೇ ಹೋಗುತ್ತವೆ. ಆದರೆ ಪ್ರಮಾಣ ಮುಖ್ಯ. ಸ್ವಲ್ಪ ಫಿನಾಲ್ ಕೊಟ್ಟರೆ ಸ್ವಲ್ಪ ಬೆಳೆಯುತ್ತದೆ, ಇನ್ನಷ್ಟು ಕೊಟ್ಟರೆ ಇನ್ನಷ್ಟು. ಒಂದು ಹಂತ ದಾಟಿದ ಮೇಲೆ ಹೆಚ್ಚು ಬಡಿಸಿದಷ್ಟೂ ಬೆಳವಣಿಗೆ ಇಳಿಯುತ್ತದೆ. ಏರಿ ಇಳಿಯುವ ಈ ಗೆರೆಗೆ ಬಳಸುವ ಸೂತ್ರ ಹಾಲ್ಡೇನರದ್ದು. 1957ರಲ್ಲಿ ಇಂಗ್ಲೆಂಡ್ ಬಿಟ್ಟು ಭಾರತಕ್ಕೆ ಬಂದು, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಜೆ. ಬಿ. ಎಸ್. ಹಾಲ್ಡೇನ್. ಪ್ರಮಾಣದಷ್ಟೇ ಅಭ್ಯಾಸವೂ ಮುಖ್ಯ, ಸಯನೈಡಿನಲ್ಲಿ ನೋಡಿ: ಅಭ್ಯಾಸವಾದ ಟ್ಯಾಂಕಿನಲ್ಲಿ ಅದು ಅಮೋನಿಯವಾಗಿ ಒಡೆಯುತ್ತದೆ, ಅಭ್ಯಾಸವಿಲ್ಲದ ಟ್ಯಾಂಕಿನಲ್ಲಿ ಉಸಿರು ಕಟ್ಟಿಸುತ್ತದೆ. ಅದೇ ನೀರು, ಅದೇ ಪ್ರಮಾಣ. ತಿನ್ನುವವರ ಪೂರ್ವಾಶ್ರಮ ಬೇರೆ.

ಇಲ್ಲಿ ಒಂದು ಪೂರ್ವಪಕ್ಷ. ನಮ್ಮ ಸಂಘದ ಹಿರಿಯರೊಬ್ಬರು, ನಿವೃತ್ತ ಎಂಜಿನಿಯರು, ಟ್ಯಾಂಕಿಗೆ ಏನೇ ಆದರೂ “ಎರಡು ಅಚ್ಚು ಬೆಲ್ಲ, ಒಂದು ಬಕೆಟ್ ಸಗಣಿ ಹಾಕ್ಸಿ, ಸರಿ ಹೋಗುತ್ತೆ” ಎನ್ನುತ್ತಾರೆ. ಬೆಂಗಳೂರಿನ ಆಪರೇಟರುಗಳಲ್ಲಿ ಈ ಮತಕ್ಕೆ ಅನುಯಾಯಿಗಳು ಬಹಳ. ಸಿದ್ಧಾಂತಿ ಹೀಗೆ ಹೇಳುತ್ತಾನೆ: ಸಗಣಿಯಲ್ಲಿರುವವರು ಬಹುಪಾಲು ಗಾಳಿಯಾಡದ ಹೊಟ್ಟೆಯಲ್ಲಿ ಬೆಳೆದವರು, ಬ್ಲೋವರ್ ಊದುವ ಟ್ಯಾಂಕಿನಲ್ಲಿ ಅವರಿಗೆ ಬಾಳಿಕೆ ಕಡಿಮೆ. ಬೆಲ್ಲದ ವಿಷಯಕ್ಕೆ ಬಂದರೆ, ಜಾಕ್ ಮೊನೋ 1941ರಲ್ಲೇ ತೋರಿಸಿದ್ದಾನೆ. ಬ್ಯಾಕ್ಟೀರಿಯಾಕ್ಕೆ ಗ್ಲೂಕೋಸ್ ಮತ್ತು ಲ್ಯಾಕ್ಟೋಸ್ ಎರಡನ್ನೂ ಒಟ್ಟಿಗೆ ಬಡಿಸಿದರೆ ಅದು ಗ್ಲೂಕೋಸನ್ನು ಪೂರ್ತಿ ಮುಗಿಸಿ, ಸ್ವಲ್ಪ ಹೊತ್ತು ಸುಮ್ಮನೆ ಕೂತು, ಆಮೇಲೆ ಲ್ಯಾಕ್ಟೋಸಿಗೆ ಕೈ ಹಾಕುತ್ತದೆ. ಫಿನಾಲ್ ಬಂದ ದಿನ ಬೆಲ್ಲ ಹಾಕಿದರೆ ಟ್ಯಾಂಕಿನವರು ಬೆಲ್ಲ ತಿಂದು, ಫಿನಾಲನ್ನು ಎಲೆಯ ಮೂಲೆಗೆ ಸರಿಸಿ ಏಳುವ ಸಾಧ್ಯತೆಯೂ ಉಂಟು. ಹಸಿವಿನಿಂದ ಬಡವಾದ ಟ್ಯಾಂಕಿಗೆ ಬೆಲ್ಲ ಸರಿ. ವಿಷ ಉಂಡ ಟ್ಯಾಂಕಿಗೆ ಸಲ್ಲ. ಹಿರಿಯರು ಇದನ್ನು ಒಪ್ಪಿಲ್ಲ. ಬೆಲ್ಲದ ಖರ್ಚು ಈಗಲೂ ಲೆಕ್ಕಪತ್ರದಲ್ಲಿ “ಕೆಮಿಕಲ್ಸ್” ಎಂಬ ತಲೆಬರಹದಡಿ ಬರುತ್ತಿದೆ.

ಮೂರನೆಯದು ಪ್ರಾಸಂಗಿಕಭಕ್ಷ್ಯ. ಲೋಹದ ಬಿಡಿಭಾಗಗಳ ಜಿಡ್ಡು ತೆಗೆಯಲು ಬಳಸುವ ಟ್ರೈಕ್ಲೋರೋಎಥಿಲೀನ್ ಇದಕ್ಕೆ ನಿದರ್ಶನ. ಮೀಥೇನ್ ತಿನ್ನುವ ಬ್ಯಾಕ್ಟೀರಿಯಾ ಮೀಥೇನಿಗಾಗಿ ತಯಾರಿಸಿಕೊಂಡ ಕಿಣ್ವಕ್ಕೆ ಇದು ಅಕಸ್ಮಾತ್ ಸಿಕ್ಕಿ ಒಡೆಯುತ್ತದೆ. ತಿಂದವನಿಗೆ ಇದರಿಂದ ಶಕ್ತಿಯಿಲ್ಲ, ಪುಣ್ಯವೂ ಇಲ್ಲ. ಒಡೆದ ತುಂಡು ಅವನನ್ನೇ ಕಚ್ಚುವುದೂ ಉಂಟು. ಮೀಥೇನ್ ನಿಂತರೆ ಈ ಉಪಕಾರವೂ ನಿಂತಿತು.

ನಾಲ್ಕನೆಯದು ಅರ್ಧಭಕ್ಷ್ಯ, ಐದರಲ್ಲೂ ಮೋಸದ್ದು. ಬಟ್ಟೆಗೆ ಹಾಕುವ ಅಝೋ ಬಣ್ಣಗಳಲ್ಲಿ ಎರಡು ಸಾರಜನಕಗಳ ನಡುವೆ ಒಂದು ಜೋಡಿಬಂಧವಿರುತ್ತದೆ. ಬಣ್ಣ ಕಾಣುವುದು ಅದರಿಂದ. ಗಾಳಿಯಿಲ್ಲದ ಟ್ಯಾಂಕಿನಲ್ಲಿ ಬ್ಯಾಕ್ಟೀರಿಯಾ ಆ ಬಂಧವನ್ನು ಕಡಿದುಹಾಕಿದರೆ ಕೆಂಪು ನೀರು ನೋಡನೋಡುತ್ತಾ ತಿಳಿಯಾಗುತ್ತದೆ. ಮಾಲೀಕರಿಗೆ ಸಂತೋಷ, ನೋಡಲು ಬಂದವರಿಗೂ ಸಂತೋಷ. ತಿಳಿನೀರಿನಲ್ಲಿ ಈಗ ಇರುವುದು ಆರೊಮ್ಯಾಟಿಕ್ ಅಮೈನುಗಳು. ಅವುಗಳಲ್ಲಿ ಕೆಲವು ಕ್ಯಾನ್ಸರ್ ತರುವಂಥವು. ಅವನ್ನು ತಿನ್ನಲು ಮುಂದೆ ಇನ್ನೊಂದು ಟ್ಯಾಂಕು, ಅಲ್ಲಿ ಗಾಳಿ, ಬೇರೆ ಜನ ಬೇಕು. ಮೊದಲ ಪಂಕ್ತಿಗೇ ಎಲೆ ಎತ್ತಿದರೆ ಬಣ್ಣ ಹೋಗಿ ವಿಷ ಉಳಿಯಿತು ಎಂದರ್ಥ. ನೊನೈಲ್‌ಫಿನಾಲ್ ಎಥಾಕ್ಸಿಲೇಟ್ ಎಂಬ ತೊಳೆಯುವ ದ್ರವ್ಯದ್ದೂ ಇದೇ ಗತಿ: ಬ್ಯಾಕ್ಟೀರಿಯಾ ಅದರ ಬಾಲವನ್ನು ತಿಂದು, ಮೀನಿನ ಹಾರ್ಮೋನು ಕೆಡಿಸುವ ತಲೆಯನ್ನು ಬಿಡುತ್ತದೆ. ಕಾಸರಗೋಡಿನ ಗೇರು ತೋಟಗಳ ಮೇಲೆ ವರ್ಷಾನುಗಟ್ಟಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನನ್ನು ಮಣ್ಣಿನ ಸೂಕ್ಷ್ಮಜೀವಿಗಳು ಎಂಡೋಸಲ್ಫಾನ್ ಸಲ್ಫೇಟ್ ಮಾಡಿದವು. ಅದರ ವಿಷ ಮೂಲದಷ್ಟೇ, ಬಾಳಿಕೆ ಮೂಲಕ್ಕಿಂತ ಜಾಸ್ತಿ. ಆ ತೋಟಗಳ ನಡುವಿನ ಪಡ್ರೆ ಗ್ರಾಮದ ಜನರಿಗೆ ಈ ವರ್ಗದ ವ್ಯಾಖ್ಯಾನ ಬೇಕಾಗಿಲ್ಲ.

ಐದನೆಯದು ಅಭಕ್ಷ್ಯ. ಪೀಣ್ಯದ ಅಂತರ್ಜಲದಲ್ಲಿ ಸಿಕ್ಕ ಷಟ್‌ವೇಲೆನ್ಸಿ ಕ್ರೋಮಿಯಂ ಇಲ್ಲಿಗೆ ಸೇರಿದ್ದು. ಧಾತುವನ್ನು ತಿಂದು ಮುಗಿಸುವ ಜೀವಿ ಇಲ್ಲ. ಕೆಲವು ಬ್ಯಾಕ್ಟೀರಿಯಾ ಅದನ್ನು ತ್ರಿವೇಲೆನ್ಸಿ ರೂಪಕ್ಕೆ ಇಳಿಸುತ್ತವೆ. ಆ ರೂಪ ಕಡಿಮೆ ವಿಷ, ಕಡಿಮೆ ಕರಗುತ್ತದೆ, ಗಸಿಯಲ್ಲಿ ಕೂರುತ್ತದೆ. ನೀರು ಪಾಸಾಗುತ್ತದೆ. ಗಸಿ ಎಲ್ಲಿಗೆ ಹೋಯಿತು ಎಂದು ಕೇಳುವವರು ಕಡಿಮೆ; ಗೊಬ್ಬರವೆಂದು ಹೊಲಕ್ಕೆ ಹೋದರೆ ಕ್ರೋಮಿಯಂ ವಿಳಾಸ ಬದಲಿಸಿತು, ಅಷ್ಟೆ. ಪಾದರಸದಲ್ಲಿ ಇನ್ನೂ ತಾಪತ್ರಯ: ಗಾಳಿಯಿಲ್ಲದ ಕೆಸರಿನಲ್ಲಿ ಸಲ್ಫೇಟ್ ಉಸಿರಾಡುವ ಬ್ಯಾಕ್ಟೀರಿಯಾ ಅದನ್ನು ಮೀಥೈಲ್ ಪಾದರಸ ಮಾಡಿ ಮತ್ತಷ್ಟು ಕೆಡಿಸುತ್ತವೆ.

ಇಷ್ಟು ವಿಂಗಡಿಸಿದ ಮೇಲೆ ಅಳೆಯುವುದು ಹೇಗೆ? ಸರ್ಕಾರಿ ತಕ್ಕಡಿ ಬಿಒಡಿ. ನೀರನ್ನು ಬಾಟಲಿಯಲ್ಲಿ ಮುಚ್ಚಿ, ನಮ್ಮ ದೇಶದ ಪದ್ಧತಿಯಲ್ಲಿ 27 ಡಿಗ್ರಿಯಲ್ಲಿ 3 ದಿನ ಇಟ್ಟು, ಬ್ಯಾಕ್ಟೀರಿಯಾ ಎಷ್ಟು ಆಮ್ಲಜನಕ ಉಸಿರಾಡಿದವು ಎಂದು ನೋಡುತ್ತಾರೆ. ಹೆಚ್ಚು ಉಸಿರಾಡಿದ್ದರೆ ಹೆಚ್ಚು ಕೊಳೆ. ಸುಖಭಕ್ಷ್ಯಕ್ಕೆ ಇದು ಬಹಳ ನ್ಯಾಯವಾದ ತಕ್ಕಡಿ. ವಿಷದ ನೀರಿನಲ್ಲಿ ಬಾಟಲಿಯೊಳಗಿನ ಬ್ಯಾಕ್ಟೀರಿಯಾವೇ ಸತ್ತುಬಿಡುತ್ತವೆ, ಸತ್ತವರು ಉಸಿರಾಡುವುದಿಲ್ಲ, ಬಿಒಡಿ ಸೊನ್ನೆಯ ಹತ್ತಿರ ಬರುತ್ತದೆ, ವರದಿಯಲ್ಲಿ ನೀರು ತೀರ್ಥವಾಗುತ್ತದೆ. ತಿಳಿದ ಲ್ಯಾಬಿನವರು ಅದೇ ನೀರನ್ನು ಇನ್ನಷ್ಟು ತೆಳು ಮಾಡಿ ಮತ್ತೆ ಅಳೆಯುತ್ತಾರೆ. ತೆಳು ಮಾಡಿದಷ್ಟೂ ಬಿಒಡಿ ಏರುತ್ತಾ ಹೋದರೆ ಒಳಗೆ ವಿಷವಿದೆ ಎಂದು ಗುಟ್ಟು ರಟ್ಟಾಗುತ್ತದೆ. ಇದರ ಜೊತೆಗೆ ಸಿಒಡಿ ಎಂಬ ಇನ್ನೊಂದು ಪರೀಕ್ಷೆಯುಂಟು, ಅದಕ್ಕೆ ಬ್ಯಾಕ್ಟೀರಿಯಾದ ಹಂಗಿಲ್ಲ. ಆದರೆ ಅದಕ್ಕೆ ಹಾಕುವುದು ಡೈಕ್ರೋಮೇಟ್ ಮತ್ತು ಪಾದರಸದ ಸಲ್ಫೇಟ್. ವಿಷ ಅಳೆಯುವ ಕೋಣೆಯ ಸಿಂಕಿನ ನೀರು ನಮ್ಮ ಐದನೆಯ ವರ್ಗಕ್ಕೇ ಬಂದು ಬೀಳುತ್ತದೆ ಎಂಬುದನ್ನು ಶಾಸ್ತ್ರಕಾರನಾದ ನಾನು ಖೇದದಿಂದ ದಾಖಲಿಸುತ್ತೇನೆ.

ನಿಯಮಗಳಲ್ಲಿ ನನಗೆ ಮೆಚ್ಚುಗೆಯಾದದ್ದು ಒಂದೇ. ಹೊಳೆಗೆ ಬಿಡುವ ನೀರಿನಲ್ಲಿ ಲೀಟರಿಗೆ ಫಿನಾಲ್ 1 ಮಿಲಿಗ್ರಾಂ, ಸಯನೈಡ್ 0.2, ಷಟ್‌ವೇಲೆನ್ಸಿ ಕ್ರೋಮಿಯಂ 0.1 ದಾಟಬಾರದು ಎಂದೆಲ್ಲ ಪಟ್ಟಿ ಮಾಡಿದ ಮೇಲೆ, ನಿಯಮ ಬರೆದವರಿಗೇ ಪಟ್ಟಿಯ ಮೇಲೆ ಸಂಶಯ ಬಂದಿರಬೇಕು. ಕೊನೆಗೆ ಸೇರಿಸಿದ್ದಾರೆ: ಒಂದಿಷ್ಟೂ ತೆಳು ಮಾಡದ ಆ ನೀರಿನಲ್ಲಿ ಮೀನು ಬಿಟ್ಟರೆ 96 ಗಂಟೆಯ ನಂತರ ನೂರಕ್ಕೆ 90 ಬದುಕಿರಬೇಕು. ಮೀನಿಗೆ ಪಟ್ಟಿ ಓದಲು ಬರುವುದಿಲ್ಲ. ಅದೇ ಅದರ ಅರ್ಹತೆ.

ಇನ್ನು ಸುರಿದವರ ವಿಂಗಡಣೆ. ಮೀಮಾಂಸಕರು ಕರ್ಮವನ್ನು ನಿತ್ಯ, ನೈಮಿತ್ತಿಕ, ಕಾಮ್ಯ ಎಂದು ಮೂರು ಮಾಡಿದ್ದಾರೆ; ಇಲ್ಲಿಯೂ ಅಷ್ಟೇ ಸಾಕು. ನಿತ್ಯವೆಂದರೆ ದಿನಾ ಬಿಡುವ ಸೋಪಿನ ನೀರು. 1950ರ ದಶಕದ ಡಿಟರ್ಜೆಂಟುಗಳ ಅಣುವಿಗೆ ಕೊಂಬೆಗಳಿದ್ದವು. ಬ್ಯಾಕ್ಟೀರಿಯಾ ಕೊಂಬೆ ಬಂದಲ್ಲಿ ತಿನ್ನುವುದು ನಿಲ್ಲಿಸುತ್ತಿದ್ದವು. ಯುರೋಪಿನ ಹೊಳೆಗಳಲ್ಲಿ ನೊರೆ ಎದ್ದು, ಪಶ್ಚಿಮ ಜರ್ಮನಿ 1961ರಲ್ಲಿ ಕಾನೂನು ತಂದ ಮೇಲೆ ಅಲ್ಲಿ ನೇರ ಬಾಲದ ಅಣುಗಳು ಬಂದವು. ಅವು ತಿನ್ನಲು ಸುಲಭ, ತಿನ್ನುವವರಿಗೆ ಗಾಳಿ ಮತ್ತು ಹೊತ್ತು ಕೊಟ್ಟರೆ. ಕೊಡದಿದ್ದರೆ ಏನಾಗುತ್ತದೆಂದು ಪಕ್ಕದ ಕಣಿವೆಯ ಬೆಳ್ಳಂದೂರು ತೋರಿಸಿದೆ: ತಳದ ಕೆಸರಿಗೆ ಅಂಟಿಕೊಂಡ ಸೋಪು ಮಳೆಯಲ್ಲಿ ಕದಡಿ ಮೇಲೆದ್ದು ನೊರೆಯಾಗುತ್ತದೆ ಎಂದು ಐಐಎಸ್‌ಸಿಯವರು ಕಂಡುಕೊಂಡಿದ್ದಾರೆ. ಆ ಕೆರೆ 2015, 2017, 2018ರಲ್ಲಿ ಹೊತ್ತಿ ಉರಿದದ್ದು ಎಲ್ಲರಿಗೂ ನೆನಪಿದೆ. ನಮ್ಮ ಬೈರಮಂಗಲದ ನೊರೆಗೆ ಅಷ್ಟು ಕ್ಯಾಮೆರಾ ಸಿಕ್ಕಿಲ್ಲ.

ನೈಮಿತ್ತಿಕವೆಂದರೆ ಬಾಡಿಗೆದಾರರು ಮನೆ ಖಾಲಿ ಮಾಡುವ ದಿನ ಬಚ್ಚಲ ಟೈಲ್ಸಿಗೆ ಕ್ಯಾನುಗಟ್ಟಲೆ ಸುರಿಯುವ ಆಸಿಡ್ಡು, ಪೇಂಟಿನವರು ಬ್ರಶ್ ತೊಳೆದ ಥಿನ್ನರು, ಡೈಯಿಂಗ್ ಘಟಕದಲ್ಲಿ ಬಣ್ಣ ಬದಲಿಸುವಾಗ ಬಾನಿ ಖಾಲಿ ಮಾಡುವುದು. ಕಾಮ್ಯವೆಂದರೆ ರಾತ್ರಿ ಎರಡು ಗಂಟೆಗೆ ಟ್ಯಾಂಕರ್ ಲಾರಿಯ ಪೈಪು ರಾಜಕಾಲುವೆಗೆ ಇಳಿಬಿಡುವುದು, ಫಲಾಪೇಕ್ಷೆ ಸ್ಪಷ್ಟವಿದೆ. ಟ್ಯಾಂಕಿನ ದೃಷ್ಟಿಯಲ್ಲಿ ನಿತ್ಯದ ವಿಷಕ್ಕಿಂತ ನೈಮಿತ್ತಿಕದ ವಿಷವೇ ಘೋರ. ಇದು ನೀತಿಯ ಮಾತಲ್ಲ, ಲೆಕ್ಕದ ಮಾತು. ದಿನಕ್ಕೆ ಒಂದು ಚಮಚದಂತೆ ವರ್ಷವಿಡೀ ಬರುವ ಫಿನಾಲಿಗೆ ತಿನ್ನುವವರು ಹುಟ್ಟಿಕೊಳ್ಳುತ್ತಾರೆ. ಅಷ್ಟನ್ನೂ ಒಂದು ಭಾನುವಾರ ಸುರಿದರೆ ತಿನ್ನುವವರು ಹುಟ್ಟುವ ಮೊದಲೇ ಇದ್ದವರು ಹೋಗುತ್ತಾರೆ. ಅದಕ್ಕೇ ಕಾರ್ಖಾನೆಯ ಕೊಳೆನೀರು ಶುದ್ಧ ಮಾಡುವ ಇಟಿಪಿಯಲ್ಲಿ ಏರೇಷನ್ನಿಗೆ ಮೊದಲು ಈಕ್ವಲೈಸೇಷನ್ ಟ್ಯಾಂಕ್ ಕಟ್ಟುವುದು: ಎಲ್ಲ ಪಾಳಿಯ ನೀರನ್ನೂ ಕೂಡಿಟ್ಟು, ಕಲಕಿ, ಒಂದೇ ಸಮನೆ ಬಡಿಸಲು. ಜಾಗ ಉಳಿಸಲು ಮೊದಲು ಚಿಕ್ಕದು ಮಾಡುವುದೂ ಅದನ್ನೇ. ನಮ್ಮ ಬಿಲ್ಡರ್ ನಮ್ಮ ಎಸ್‌ಟಿಪಿಯ ಆ ಟ್ಯಾಂಕಿನ ಅರ್ಧ ಜಾಗದಲ್ಲಿ ಎರಡು ಕಾರ್ ಪಾರ್ಕಿಂಗ್ ಮಾರಿದ್ದಾರೆ.

ಕೊನೆಯದು ಪ್ರಾಯಶ್ಚಿತ್ತ ಪ್ರಕರಣ. ಟ್ಯಾಂಕು ಸತ್ತರೆ ಮಾಡಬೇಕಾದದ್ದು ಆಸಿಡ್ಡಿನ ಹುಳಿ ಮುರಿದು, ಬ್ಲೋವರ್ ನಿಲ್ಲಿಸದೆ, ಹೊರಗಿನಿಂದ ಬದುಕಿರುವ ಗಸಿ ತಂದು ಹಾಕುವುದು. ಮೊಸರಿಗೆ ಪಕ್ಕದ ಮನೆಯಲ್ಲಿ ಹೆಪ್ಪು ಕೇಳುವ ಹಾಗೆ ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ಕೇಳಬೇಕು. ನಮ್ಮಂಥದೇ ಸೋಪು, ನಮ್ಮಂಥದೇ ಫಿನಾಯಿಲು ತಿಂದು ಪಳಗಿದ ಗಸಿಯಾದರೆ ಒಳ್ಳೆಯದು. ಪಂಕ್ತಿಭೋಜಿಗಳು ವಾರದಲ್ಲಿ ಚೇತರಿಸಿಕೊಳ್ಳುತ್ತಾರೆ, ಸೂಕ್ಷ್ಮಪ್ರಕೃತಿಯವರಿಗೆ ಇನ್ನೂ ಕೆಲವು ವಾರ ಕಾಯಬೇಕು. ನಾವು ಕೇಳಿದಾಗ ಕತ್ರಿಗುಪ್ಪೆ ಕಡೆಯ ಒಂದು ಸಂಘದವರು ಕೊಡಲು ಒಪ್ಪಿದರು. ಷರತ್ತು ಮೂರು: ನಮ್ಮ ಸಂಘದ ಲೆಟರ್‌ಹೆಡ್ಡಿನಲ್ಲಿ ಅರ್ಜಿ ಕೊಡಬೇಕು, ಮುಂದೆ ಅವರ ಟ್ಯಾಂಕಿಗೆ ಏನಾದರೂ ಆದರೆ ನಾವೂ ಇಷ್ಟೇ ಗಸಿ ವಾಪಸ್ ಕೊಡುತ್ತೇವೆಂದು ಬರೆದುಕೊಡಬೇಕು, ಟ್ಯಾಂಕರಿನ ಬಾಡಿಗೆ ನಮ್ಮದು. ನಮ್ಮ ಖಜಾಂಚಿ ಮೇಡಂ ಮೊದಲೆರಡಕ್ಕೆ ಸಹಿ ಹಾಕಿದರು. ಮೂರನೆಯದು ಯಾವ ತಲೆಬರಹದಡಿ ಬರುತ್ತದೆ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಕೆಮಿಕಲ್ಸ್ ಎಂದು ಹಿರಿಯರು, ಸಿಬ್ಬಂದಿ ವೆಚ್ಚ ಎಂದು ನಾನು.